ಗೋಡೆಯತ್ತ ತಿರುಗಿದ ಕುರ್ಚಿ

ಕೀತ್ ಆರ್ಮರಾಡ್ ಬಗ್ಗಿ, ಬಾಗಿಲಿನ ಅಂಚೆ ಕಿಂಡಿಗೆ ಕಿವಿ ಹಚ್ಚಿದ. ಒಳಗೆ ಮುದುಕಿಯೊಬ್ಬಳ ನಗು. ಅದರ ಜೊತೆಗೇ ಗಂಡ ಹೆಂಡಿರ ಜಗಳ, ಬಾಟಲಿ ಒಡೆದ ಸದ್ದು, ಆಮೇಲೆ ಸಾಬೂನಿನ ಜಾಹೀರಾತು.

ಸಿಕ್ಕಿಬಿದ್ದಳು.

ಟೀವಿ ನೋಡುವ ಪ್ರತಿ ಮನೆಯೂ ವರ್ಷವರ್ಷ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕು; ಈ ಬೀದಿಯಲ್ಲಿ ಅದಿಲ್ಲದ್ದು ಇದೊಂದೇ ಮನೆ. ಟೀವಿ ಇಟ್ಟಿಲ್ಲ, ಲೈಸೆನ್ಸ್ ಬೇಕಾಗಿಲ್ಲ ಎಂದು ಮೊರೀನ್ ಹಾವರ್ತ್ ತಿಳಿಸಿದ್ದಳು. ಹಾಗೆ ಹೇಳುವವರನ್ನು ಕೀತ್ ನಂಬುವವನಲ್ಲ. ಸುಳ್ಳೆಂದು ಸಾಬೀತಾದರೆ ಮುದುಕಿ ಕೋರ್ಟು ಹತ್ತಬೇಕು, ದಂಡ ಕಟ್ಟಬೇಕು.

ಬಾಗಿಲು ತಟ್ಟನೆ ತೆರೆಯಿತು. ಕೀತ್ ಇನ್ನೂ ಬಗ್ಗಿಯೇ ಇದ್ದ.

“ಕಿವಿ ಸಾಕಾ ಮರಿ? ಮೂಗೂ ತೂರಿಸ್ತೀಯಾ?”

“ಟೀವಿ ಲೈಸೆನ್ಸ್ ಕಡೆಯಿಂದ ಬಂದಿದ್ದೀನಿ, ಮಿಸೆಸ್ ಹಾವರ್ತ್.”

“ಮಿಸೆಸ್ ಅನ್ಬೇಡ. ಬಾ ಒಳಗೆ. ಕಾಲು ಒರೆಸ್ಕೋ.”

ಕೀತ್‌ನ ಅನುಮಾನ ಹೆಚ್ಚಿತು. ಅವನನ್ನು ಯಾರೂ ಒಳಗೆ ಕರೆಯುವುದಿಲ್ಲ. ಕೋರ್ಟಿನ ವಾರಂಟ್ ತಾ ಎಂದು ಮುಖದ ಮೇಲೆಯೇ ಬಾಗಿಲು ಹಾಕುತ್ತಾರೆ. ಕರೆದಳೆಂದರೆ ಬಚ್ಚಿಟ್ಟಾಗಿದೆ.

ಮುಂದಿನ ಕೋಣೆಯಲ್ಲಿ ಟೀವಿ ಇರಲಿಲ್ಲ. ಒಂದೇ ಒಂದು ಆರಾಮ ಕುರ್ಚಿ. ಅದೂ ಕಿಟಕಿಗೆ ಬೆನ್ನು ಹಾಕಿ, ಕೂತರೆ ಮೊಣಕಾಲು ತಾಗುವಷ್ಟು ಹತ್ತಿರದಲ್ಲಿ ಖಾಲಿ ಗೋಡೆಯತ್ತ ಮುಖ ಮಾಡಿತ್ತು. ಪಕ್ಕದ ಸ್ಟೂಲಿನ ಮೇಲೆ ಹಬೆಯಾಡುವ ಟೀ. ಕುರ್ಚಿಯ ಮೇಲೆ ಕೈಯಲ್ಲೇ ಹೆಣೆದ ನೀಲಿ ಹಳದಿ ಹೊದಿಕೆ. ಅದನ್ನು ಎಲ್ಲೋ ಕಂಡ ಹಾಗಿತ್ತು ಅವನಿಗೆ.

ಪರದೆಯ ಹಿಂದೆ ನೋಡಿದ. ಬೀರು ತೆರೆದ. ಅದರಲ್ಲೇ ಟೀವಿ ನೋಡುತ್ತಿರಬಹುದೆಂದು ಫೋನು ಕೇಳಿದ. ಅವಳು ಗುಂಡಿ ಒತ್ತುವ ಹಳೆಯ ಫೋನನ್ನು ಅವನ ಕೈಗಿಟ್ಟಳು.

“ಮಹಡಿಗೂ ಹೋಗು. ಮಂಚದ ಕೆಳಗೆ ಧೂಳಿದೆ, ಹೆಂಗಿದ್ರೂ ಬಗ್ತೀಯಲ್ಲ, ಒರೆಸ್ಕೊಂಡು ಬಾ.”

ಮಹಡಿಯಲ್ಲೂ ಏನೂ ಇರಲಿಲ್ಲ. ಅವನು ಇಳಿದು ಬರುವ ಹೊತ್ತಿಗೆ ಜಾಹೀರಾತು ಮುಗಿದು ಜಗಳ ಮತ್ತೆ ಶುರುವಾಗಿತ್ತು. ಮೊರೀನ್ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ ನಗುತ್ತಿದ್ದಳು. ಕೀತ್ ಗೋಡೆಯ ಮೇಲೆ ಅಂಗೈ ಇಟ್ಟ. ಗೋಡೆ ನಡುಗುತ್ತಿತ್ತು.

ಸದ್ದು ಪಕ್ಕದ ಮನೆಯದು. ವಿಲ್ಫ್ ಕ್ಲೆಗ್‌ನದು.

ಆ ವಿಲ್ಫ್‌ನ ಬಳಿ ಕೀತ್ ಹೋದ ವಾರವಷ್ಟೇ ಹೋಗಿದ್ದ, ಇವಳ ಬಗ್ಗೆ ವಿಚಾರಿಸಲು. ಆತನಿಗೆ ಎರಡೂ ಕಿವಿ ಪೂರ್ತಿ ಹೋಗಿವೆ. ಪ್ರಶ್ನೆಗಳನ್ನು ಬರೆದು ತೋರಿಸಬೇಕಾಯಿತು. “ಅವಳ ತಂಟೆಗೆ ಹೋಗ್ಬೇಡ!” ಎಂದು ಕಿರುಚಿ ಮುದುಕ ಟೀವಿಯತ್ತ ತಿರುಗಿದ್ದ. ಆಗ ಟೀವಿಯಲ್ಲಿ ಸದ್ದೇ ಇರಲಿಲ್ಲ. ತೆರೆಯ ಕೆಳಗೆ ಮೂಡುವ ಅಕ್ಷರ ಓದಿಕೊಂಡೇ ಆತ ನೋಡುತ್ತಿದ್ದ.

“ಅವರಿಗೆ ಕಿವಿ ಕೇಳಲ್ವಲ್ಲ?” ಎಂದ ಕೀತ್. “ಮತ್ತೆ ಈ ಸೌಂಡ್ ಯಾರಿಗೆ?”

“ಶ್! ಧಾರಾವಾಹೀಲಿ ಹೆಂಡತಿ ಗಂಡನಿಗೆ ನಿಜ ಹೇಳ್ತಿದ್ದಾಳೆ.”

“ಇಬ್ರೂ ಮಾತಾಡ್ಕೊಂಡು ಮಾಡ್ತಿದ್ದೀರಾ ಇದನ್ನ?”

“ಗೋಡೆಗೂ ಲೈಸೆನ್ಸ್ ಬೇಕೇನಪ್ಪಾ?”

ಕೀತ್ ವರದಿ ತುಂಬಲು ತನ್ನ ಫೋನು ಹೊರತೆಗೆದ. ನಿಯಮ ಇರುವುದು ನೋಡುವವರಿಗೆ. ಗೋಡೆಯಾಚೆಯಿಂದ ಕೇಳಿಸಿಕೊಳ್ಳುವವರ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಅವನು ಬೇಸರದಿಂದಲೇ ‘ಲೈಸೆನ್ಸ್ ಅಗತ್ಯವಿಲ್ಲ’ ಎಂಬಲ್ಲಿ ಬೆರಳೊತ್ತಿದ.

ಅಷ್ಟರಲ್ಲಿ ಮುಂಬಾಗಿಲಲ್ಲಿ ವಿಲ್ಫ್ ಕಾಣಿಸಿಕೊಂಡ. ಕಾಲಲ್ಲಿ ಮನೆಯೊಳಗಿನ ಚಪ್ಪಲಿ, ಮುಖದಲ್ಲಿ ಗಾಬರಿ. ಬೀದಿಯಲ್ಲಿ ಕೀತ್‌ನ ಕಾರು ಕಂಡಿರಬೇಕು.

“ಇವನೇನಂತೆ ಮೊರೀನ್?” ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ. “ಕೋರ್ಟು ಗೀರ್ಟು ಅಂತಾನಾ? ನನ್ನತ್ರ ಲೈಸೆನ್ಸ್ ಇದೆ. ಬಂದ್ಬಿಡು ಆ ಕಡೆ! ನಿನ್ನ ಕುರ್ಚಿ ಹಂಗೇ ಇದೆ, ನೀ ಹೆಣೆದ ಹೊದಿಕೆನೂ ತೆಗ್ದಿಲ್ಲ.”

ನೀಲಿ ಹಳದಿ. ಕೀತ್ ಅದನ್ನು ಕಂಡಿದ್ದು ಅಲ್ಲಿ.

“ಹೋಗಿ ಮೇಡಂ,” ಎಂದ, ಅವನಿಗೇ ಗೊತ್ತಿಲ್ಲದೆ ದನಿ ಮೆತ್ತಗಾಗಿತ್ತು. “ಒಂದೇ ಲೈಸೆನ್ಸ್‌ನಲ್ಲಿ ಇಬ್ರೂ ನೋಡಬಹುದು. ಪಾಪ, ಅಷ್ಟು ಕರೀತಿದ್ದಾರೆ.”

ಮೊರೀನ್ ವಿಲ್ಫ್‌ನ ಮುಖ ನೋಡುತ್ತಲೇ, ಅವನಿಗೆ ಅರ್ಥವಾಗುವಂತೆ ನಿಧಾನವಾಗಿ ಇಲ್ಲವೆಂದು ತಲೆಯಾಡಿಸಿದಳು.

“ಬರಲ್ಲ. ಇವನ ಹೆಂಡತಿಯಾಗಿ ಮೂವತ್ತು ವರ್ಷ ಆ ಕುರ್ಚೀಲಿ ಕೂತಿದ್ದೆ, ಇವನ ಬಾಯಿ ದೆಸೆಯಿಂದ ಒಂದೇ ಒಂದು ಧಾರಾವಾಹಿ ನೆಟ್ಟಗೆ ಕೇಳಿಸ್ಲಿಲ್ಲ.”