ಪೇತ್ರನ ಪಾತ್ರ

ಶುಭ ಶುಕ್ರವಾರದ ನಾಟಕದಲ್ಲಿ ಯೇಸುವಿನ ಶಿಷ್ಯ ಪೇತ್ರನಾಗಿದ್ದ ಚೌರಪ್ಪ, ಹೆದರಿ ಗುರುವನ್ನು ಮೂರು ಸಲ ಅಲ್ಲಗಳೆದು, ಕೊನೆಗೆ "ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ" ಅನ್ನಬೇಕಿತ್ತು. ಆ ಮಾತು ಕಿವಿಗೆ ಬಿದ್ದೊಡನೆ ಪರದೆಯ ಹಿಂದೆ ಇನ್ನಾಸಪ್ಪ ಕೋಳಿಯಂತೆ ಕೂಗಬೇಕು. ಫಾದರ್ ಕಲಿಸಿದ್ದು ಹಾಗೆ.

"ನೀನೂ ಯೇಸುವಿನ ಕಡೆಯವನಲ್ವಾ?" ಎಂದಳು ದಾಸಿ.

"ಹೌದವ್ವಾ. ಪ್ರಾಣ ಹೋದ್ರೂ ಅವರನ್ನ ಬಿಡಲ್ಲ."

"ಲೋ ಚೌರಪ್ಪಾ, ಇಲ್ಲ ಅನ್ನೋ!" ಸೈನಿಕ ಪಿಸುಗುಟ್ಟಿದ.

"ಬೇಕಾದ್ರೆ ನನ್ನೂ ಶಿಲುಬೆಗೇರ್ಸಿ."

ಜನ ನಕ್ಕರು. ಮೊದಲ ಸಾಲಿನಲ್ಲಿದ್ದ ಬಿಷಪ್ ನಗಲಿಲ್ಲ. ಪಕ್ಕದಲ್ಲಿ ಬೆವರುತ್ತಿದ್ದ ಫಾದರ್ ಕಡೆ ತಿರುಗಿದರು.

"ಯಾರಿವನು? ನಿಮ್ಮ ಶಿಷ್ಯನೇ?"

"ಅಲ್ಲ, ಮಹಾಸ್ವಾಮಿ."

"ನಾಟಕ ಕಲಿಸಿದ್ದು ನೀವೇ ತಾನೇ?"

"ಅಯ್ಯೋ, ನಾನಲ್ಲ."

"ನಿಮ್ಮ ಚರ್ಚಿನವನಾದರೂ ಹೌದೋ?"

ಫಾದರ್ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ!"

ಪರದೆಯ ಹಿಂದೆ ಕೋಳಿ ಕೂಗಿತು.