ಕೈಗೆಟುಕುವ ದಾರ

ಹೊಸ ಮೇಜಿನ ಮುಂದೆ ಕೂತ ಹೊಲಿಗೆಯಕ್ಕ ಕೈ ಚಾಚಿದ್ದೇ ತಡ, ದಾರದ ರೀಲು ಸಿಕ್ಕಿಬಿಟ್ಟಿತು. ಮ್ಯಾನೇಜರ್ ಚಪ್ಪಾಳೆ ತಟ್ಟಿದ. "ದಿನಕ್ಕೆ ಹತ್ತು ಸಲ ಕಪಾಟಿನ ತನಕ ಓಡಾಡೋದು ತಪ್ಪಿತಲ್ಲ! ಇನ್ನು ನೀವು ಏಳೋದೇ ಬೇಡ."

ಅಕ್ಕ ಡಿಸೈನರ್ ಹುಡುಗಿಯತ್ತ ತಿರುಗಿದಳು. ಎಂಟು ದಿನ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದವಳು. "ನಿಮ್ಮ ಕಷ್ಟ ಗೊತ್ತಾದ್ರೆ ತಾನೇ ಅಕ್ಕಾ, ಒಳ್ಳೇ ಮೇಜು ಮಾಡೋಕಾಗೋದು?" ಎಂದು ಒಂದೊಂದನ್ನೂ ಕೇಳಿ ಬರೆದುಕೊಂಡವಳು. ಆ ಸಲಿಗೆಗೆ ಕರಗಿ ಅಕ್ಕ ಬಾಯಿಬಿಟ್ಟಿದ್ದಳು: "ದಾರ ತರೋದು ಬರೀ ನೆಪ ಕಣಮ್ಮಾ. ಬೆನ್ನು ನೆಟ್ಟಗೆ ಮಾಡ್ಕೊಂಡು, ಕಪಾಟಿನ ಪಕ್ಕದ ಕಿಟಕೀಲಿ ಒಂಚೂರು ಹೊರಗೆ ನೋಡಿ ಬರ್ತೀನಿ. ಯಾರಿಗೂ ಹೇಳ್ಬೇಡ."

"ನಾನು ಯಾರಿಗೂ ಹೇಳಿಲ್ಲ ಅಕ್ಕಾ," ಎಂದಳು ಹುಡುಗಿ ಮೆಲ್ಲಗೆ, ರೀಲಿನ ಗೂಡನ್ನು ಮೇಜಿಗೆ ಕಚ್ಚಿಸಿದ್ದ ಸ್ಕ್ರೂ ಬಿಗಿಮಾಡುತ್ತಾ.