ತಪ್ಪಿದ ಕುಣಿಕೆ

“ಇಲ್ಲೊಂದು ಕುಣಿಕೆ ತಪ್ಪಿದೆ ನೋಡಿ,” ಎಂದು ಹೆಂಡತಿ ಮಫ್ಲರಿನ ಚಿತ್ರದ ಮೇಲೆ ಬೆರಳಿಟ್ಟಾಗ ನಿವೃತ್ತ ಬಸ್ ಚಾಲಕನ ಮುಖ ಸಪ್ಪಗಾಯಿತು. ಚಿತ್ರಕಲೆಯ ತರಗತಿಗೆ ಸೇರಿದ ಮೇಲೆ ಅವನು ಬರೆದ ಚೆಂಡುಗಳನ್ನೆಲ್ಲ ಅವಳು ಪಾತ್ರೆಯ ಚಪ್ಪಟೆ ಮುಚ್ಚಳ ಎಂದು ಹೇಳಿ ನಕ್ಕಿದ್ದಳು. ಈ ಸಲ ಅವಳೇ ಹೆಣೆದುಕೊಟ್ಟ ಮಫ್ಲರನ್ನು ಎದುರಿಗಿಟ್ಟುಕೊಂಡು, ಮಡಿಕೆಯ ಉಬ್ಬೂ ಉಣ್ಣೆಯ ಒರಟೂ ಕಾಣುವಂತೆ ಬರೆಯಲು ಪೆನ್ಸಿಲ್ ಸವೆಸಿದ್ದ.

“ಕಣ್ಣಿಗೆ ಕಂಡಿದ್ದನ್ನೇ ಬರೆದಿದ್ದೀನಿ ಕಣೇ,” ಎಂದ.

ಅವಳು ಮಫ್ಲರ್ ಎತ್ತಿ ಬೆಳಕಿಗೆ ಹಿಡಿದಳು. ಚಿತ್ರದಲ್ಲಿದ್ದ ಅದೇ ಜಾಗದಲ್ಲಿ, ಅದೇ ಸಾಲಿನಲ್ಲಿ ಕುಣಿಕೆಯೊಂದು ಜಾರಿತ್ತು. “ಅಯ್ಯೋ, ತಪ್ಪು ನಂದೇ!” ಎಂದು ನಾಲಿಗೆ ಕಚ್ಚಿಕೊಂಡಳು.

“ಬಿಚ್ಚಿ ಸರಿಮಾಡ್ತೀಯಾ?”

“ಬೇಡಪ್ಪ,” ಎಂದು ಅದನ್ನು ಅವನ ಕೊರಳಿಗೆ ಸುತ್ತಿದಳು. “ಸರಿಮಾಡಿದ್ರೆ ಇಷ್ಟು ಚೆನ್ನಾಗಿರೋ ಚಿತ್ರ ತಪ್ಪಾಗಿಬಿಡುತ್ತೆ.”